ತುರಿಕೆಯ ಟ್ಯೂಬು

ನನ್ನ ಬಾಯಿ ದೊಡ್ಡದು ಎಂದು ಸುಳ್ಯದಲ್ಲಿ ನನ್ನ ಹತ್ತಿರ ರವಕೆ ಹೊಲಿಸುವವರೆಲ್ಲ ಹೇಳುತ್ತಾರೆ. ಇರಬಹುದು. ಆದರೆ ಆ ದಿನ ಪುತ್ತೂರಿನಲ್ಲಿ ಚರ್ಮದ ಡಾಕ್ಟರ ಎದುರು ಆ ಬಾಯಿಗೆ ಎಂತ ಬಡಿದಿತ್ತೋ!

ಮಗಳು ಬಿ.ಎಡ್. ಸೇರಿದ ವರ್ಷ ಅವಳ ಕೆನ್ನೆ, ಗಲ್ಲ ಎಲ್ಲ ಮೊಡವೆ. ಅಂಗಡಿಗೆ ಬಂದವರು ಅಳತೆ ಕೊಡುವುದು ಬಿಟ್ಟು, “ಮಗಳ ಮುಖಕ್ಕೆ ಎಂತ ಆದದ್ದು ಮಾರಾಯ್ತಿ?” ಎಂದು ಕೇಳುತ್ತಿದ್ದರು. ಒಬ್ಬಳು ಕಹಿಬೇವು ಎಂದಳು, ಇನ್ನೊಬ್ಬಳು ರಕ್ತಚಂದನ. ಎಲ್ಲವನ್ನೂ ಅರೆದು ಹಚ್ಚಿದೆ. ಕರಿದದ್ದು ತಿನ್ನಬೇಡ, ಫೋನು ಹಿಡಿದು ನಿದ್ದೆಗೆಡಬೇಡ ಎಂದು ಬೈದೆ. ಪಾಪ, ಅವಳು ಅದನ್ನೂ ಬಿಟ್ಟು ನೋಡಿದಳು. ಏನೂ ಇಳಿಯಲಿಲ್ಲ.

ಮಳೆಗಾಲದಲ್ಲಿ ನಮ್ಮ ಕಡೆ ತುರಿಕೆಗೆ ಹಚ್ಚುವ ಟ್ಯೂಬು ಇಲ್ಲದ ಮನೆ ಇಲ್ಲ. ಒದ್ದೆ ಬಟ್ಟೆಯಲ್ಲೇ ತೋಟದ ಕೆಲಸ ಮಾಡಿ ತೊಡೆಸಂದು ತುರಿಸಿದರೆ ಮೆಡಿಕಲಿನವರು ಕೊಡುವುದು ಅದನ್ನೇ. ಎರಡೇ ದಿನದಲ್ಲಿ ಆರಾಮ. ತೊಡೆಗೆ ಆಗುವುದು ಕೆನ್ನೆಗೆ ಯಾಕೆ ಆಗಬಾರದು?

“ಬೇಡ ಅಮ್ಮ, ಅದು ಮುಖಕ್ಕೆ ಹಚ್ಚುದಲ್ಲ” ಎಂದಳು ಮಗಳು.

“ನಿನಗಿಂತ ಜಾಸ್ತಿ ಮಳೆಗಾಲ ನೋಡಿದ್ದೇನೆ, ಸುಮ್ಮನೆ ಕೂತ್ಕೋ” ಎಂದು ನನ್ನ ಕೈಯಾರೆ ಹಚ್ಚಿದೆ.

ಒಂದು ವಾರದಲ್ಲಿ ಕೆಂಪು ಇಳಿದು ಮುಖ ಬೆಳ್ಳಗಾಯಿತು. ನನ್ನ ಜಂಬ ಏನು ಕೇಳುತ್ತೀರಿ! ಆದರೆ ಎರಡು ತಿಂಗಳಾಗುವಾಗ ಬಿಸಿಲು ಬಿದ್ದರೆ ಉರಿ ಉರಿ ಎನ್ನತೊಡಗಿದಳು. ಚರ್ಮ ತೆಳ್ಳಗಾಗಿ ಕೆನ್ನೆಯಲ್ಲಿ ಕೆಂಪು ಗೆರೆಗಳು ಕಂಡವು. ಒಂದು ದಿನ ಹಚ್ಚದಿದ್ದರೆ ಮೊದಲಿಗಿಂತ ಜೋರು ಮೊಡವೆ. ಆಗ ನನಗೆ ಹೆದರಿಕೆ ಹತ್ತಿತು.

ಚರ್ಮದ ಡಾಕ್ಟರಿಗೆ ತೋರಿಸಲು ಅವಳನ್ನು ಕರೆದುಕೊಂಡು ಪುತ್ತೂರಿನ ಬಸ್ಸು ಹತ್ತಿದೆ. ಪಕ್ಕದಲ್ಲಿ ಅವಳು ಮಾಸ್ಕ್ ಹಾಕಿ ಕಿಟಕಿಗೆ ಮುಖ ಮಾಡಿ ಕೂತಿದ್ದಳು. ಹತ್ತು ದಿನ ಬಿಟ್ಟು ಅವಳು ಒಂದು ಶಾಲೆಯಲ್ಲಿ ಮಕ್ಕಳಿಗೆ ಪಾಠ ಮಾಡಬೇಕಿತ್ತು. ಮಾಡದಿದ್ದರೆ ಬಿ.ಎಡ್.ನ ವರ್ಷವೇ ಹಾಳು. ಈ ಮುಖ ಇಟ್ಟುಕೊಂಡು ಹೋಗುವುದಿಲ್ಲ ಎಂದು ಹಟ ಹಿಡಿದಿದ್ದಳು.

ಡಾಕ್ಟರು ನನ್ನ ಪ್ರಾಯದ ಹೆಂಗಸು. ಕೆನ್ನೆಯನ್ನು ಬೆಳಕಿಗೆ ತಿರುಗಿಸಿ ನೋಡಿ, “ಇಷ್ಟರವರೆಗೆ ಎಂತ ಹಚ್ಚಿದ್ದು?” ಎಂದು ಕೇಳಿದರು. ಮಗಳು ಬ್ಯಾಗಿನಿಂದ ಟ್ಯೂಬು ತೆಗೆದು ಮೇಜಿನ ಮೇಲಿಟ್ಟಳು. ಅವಳು ಅದನ್ನು ತಂದದ್ದು ನನಗೆ ಗೊತ್ತೇ ಇರಲಿಲ್ಲ.

“ಇದರಲ್ಲಿ ಸ್ಟೀರಾಯ್ಡ್ ಉಂಟು. ಮುಖಕ್ಕೆ ಹಚ್ಚಲಿಕ್ಕೆ ಯಾರು ಹೇಳಿದ್ದು?”

“ಯಾರೂ ಇಲ್ಲ ಡಾಕ್ಟ್ರೇ. ನಾನೇ ಹಚ್ಚಿದ್ದು” ಎಂದಳು ಮಗಳು.

“ನಾಳೆ ಟೀಚರ್ ಆಗುವವಳು ನೀನು! ಇಷ್ಟು ತಿಳುವಳಿಕೆ ಬೇಡ್ವಾ?”

ಬೈಗುಳ ಸಿಗಬೇಕಾದ್ದು ನನಗೆ, ತಲೆ ತಗ್ಗಿಸಿದ್ದು ಅವಳು. ನಾನು, ಅಷ್ಟು ಮಾತಿನ ಹೆಂಗಸು, ಸೀರೆಯ ಸೆರಗು ಸುತ್ತುತ್ತಾ ಕೂತೆ. ಥೂ, ನನ್ನ ಜನ್ಮಕ್ಕೆ!

“ಇವತ್ತಿನಿಂದ ಇದು ಬಂದ್” ಎಂದರು ಡಾಕ್ಟರು. “ಬಿಟ್ಟ ಮೇಲೆ ಎರಡು ಮೂರು ವಾರ ಇನ್ನೂ ಜೋರಾಗ್ತದೆ. ಹೆದರಿ ಪುನಃ ಹಚ್ಚಿದ್ರೆ ಈ ಮುಖ ಸರಿ ಮಾಡುದು ಕಷ್ಟ.” ಬೇರೆ ಮುಲಾಮು, ಮಾತ್ರೆ ಬರೆದುಕೊಟ್ಟರು.

ಅವರು ಹೇಳಿದ ಹಾಗೇ ಆಯಿತು. ಮುಖ ಊದಿ, ಗಲ್ಲದ ತುಂಬ ಕೀವಿನ ಗುಳ್ಳೆ. ನಾನು ಬೆಳಿಗ್ಗೆ ಎದ್ದು ಮೊದಲು ನೋಡುತ್ತಿದ್ದದ್ದು ಅವಳ ಕೆನ್ನೆ. ಕಲೆ ಉಳಿದರೆ? ವಾಸಿಯೇ ಆಗದಿದ್ದರೆ? ಡಾಕ್ಟರು ಹೇಳಿದ್ದು ಸುಳ್ಳಾದರೆ? ಡಾಕ್ಟರ ಮೇಜಿನಿಂದ ಎತ್ತಿ ತಂದು, ಬಿಸಾಡಿದೆ ಎಂದು ಮಗಳಿಗೆ ಹೇಳಿದ್ದ ಟ್ಯೂಬು ಹೊಲಿಗೆ ಮೆಷಿನಿನ ಡ್ರಾಯರಿನಲ್ಲೇ ಇತ್ತು. ಬಿಸಾಡಲು ನನಗೇ ಧೈರ್ಯ ಬಂದಿರಲಿಲ್ಲ.

ಪಾಠದ ದಿನ ಬೆಳಿಗ್ಗೆ ಸೀರೆ ಉಟ್ಟು ಬಂದು ನನ್ನ ಎದುರು ನಿಂತಳು.

“ಅಮ್ಮ, ಆ ಟ್ಯೂಬು ನೀನು ಬಿಸಾಡ್ಲಿಲ್ಲ, ನಂಗೆ ಗೊತ್ತುಂಟು. ಚೂರು ಕೊಡು. ಇವತ್ತೊಂದು ದಿನ.”

ಕೈ ಡ್ರಾಯರಿನವರೆಗೆ ಹೋಯಿತು. ಸತ್ಯ ಹೇಳುತ್ತೇನೆ, ತೆಗೆದುಕೊಡುವ ಮನಸ್ಸೇ ಆಗಿತ್ತು.

“ಉಂಟು. ಆದ್ರೆ ಕೊಡುದಿಲ್ಲ” ಎಂದೆ.

“ನಾನು ಬೇಡ ಅಂದಾಗ ಹಿಡಿದು ಹಚ್ಚಿದ್ದು ನೀನು. ಡಾಕ್ಟ್ರ ಎದುರು ತುಟಿ ಬಿಚ್ಚಲಿಲ್ಲ. ಈಗ ನಾನೇ ಕೇಳುವಾಗ ಕೊಡುದಿಲ್ವಾ?”

ಅಷ್ಟು ದಿನ ನನ್ನ ಮೇಲೆ ಒಂದು ದೂರು ಹೇಳದವಳು. ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ.

“ಹೌದು ಮಗಾ, ಹಚ್ಚಿದ್ದು ನಾನೇ. ಅಲ್ಲಿ ಹೇಳಬೇಕಿತ್ತು. ಹೆದರಿಕೆ ಆಯ್ತು.”

ಅವಳು ನನ್ನನ್ನೇ ನೋಡಿದಳು. ಕಣ್ಣೀರು ಗುಳ್ಳೆಗಳ ಮೇಲೆ ಇಳಿಯುತ್ತಿತ್ತು. ಉರಿಯುತ್ತಿದ್ದಿರಬೇಕು. ಒರೆಸಲು ಕೈ ಚಾಚಿದೆ. “ಮುಟ್ಟಬೇಡ” ಎಂದಳು. ಬ್ಯಾಗು ತೆಗೆದುಕೊಂಡು, ಅದೇ ಮುಖದಲ್ಲಿ, ಪಾಠ ಮಾಡಲು ಬಸ್ಸಿಗೆ ಹೋದಳು.