ಕೂರದ ಅಮ್ಮಾಜಮ್ಮ

ಚಿನ್ನದ ಗಣಿಯ ಕೂಲಿಗಳಿಗೆಂದು ಕಟ್ಟಿದ ಉರಿಗಾಂನ ಲೈನ್ ಮನೆಗಳಲ್ಲಿ ಎರಡು ಸಂಸಾರಕ್ಕೆ ಒಂದೇ ಗೋಡೆ. ಅಮ್ಮಾಜಮ್ಮ ಒಗ್ಗರಣೆ ಹಾಕಿದರೆ ನನಗೆ ಸೀನು ಬರುತ್ತದೆ. ಹಾಗಾಗಿ ಅವಳ ಮನೆ ಸಂಗತಿ ನನಗೆ ಗೊತ್ತು ಎಂದರೆ ಕದ್ದು ಕೇಳಿದ್ದೇನೆ ಎಂದುಕೊಳ್ಳಬೇಡಿ. ಕಿವಿ ಮುಚ್ಚಿಕೊಂಡರೂ ಕೇಳಿಸುತ್ತದೆ.

ಅವಳು ಹುಟ್ಟು ಪುಕ್ಕಲಿ. ಕುಕ್ಕರ್ ಕೂಗಿದರೆ ಎದೆ ಹಿಡಿದುಕೊಳ್ಳುವವಳು. ಇಂಥವಳು ನಗರಸಭೆಯ ಮೆಂಬರ್ ಹೇಗಾದಳು ಎಂದರೆ, ನಮ್ಮ ವಾರ್ಡು ಹೆಂಗಸರಿಗೆ ಮೀಸಲಾಯಿತು. ಪಾರ್ಟಿಯವರು ಬಂದು ಚುನಾವಣೆಗೆ ನಿಲ್ಲಿ ಎಂದಾಗ ನಾವೆಲ್ಲ ಜಾಣೆಯರು ಒಂದೊಂದು ನೆಪ ಹೇಳಿ ಜಾರಿಕೊಂಡೆವು. ಬೇಡ ಅನ್ನುವುದಕ್ಕೂ ಧೈರ್ಯ ಬೇಕಲ್ಲ, ಅದಿಲ್ಲದ ಅಮ್ಮಾಜಮ್ಮ ಸಿಕ್ಕಿಬಿದ್ದಳು. ಗೆದ್ದ ಮೇಲೆ ಸಭೆಯಲ್ಲಿ ಅವಳು ಬಾಯಿ ತೆರೆದದ್ದು ಟೀ ಕುಡಿಯುವುದಕ್ಕೆ ಮಾತ್ರ. ಆದರೆ ನಮ್ಮ ಬೀದಿ ನಲ್ಲಿ ಕೆಟ್ಟರೆ ಇಂಜಿನಿಯರ್ ರೂಮಿನ ಬಾಗಿಲಲ್ಲಿ ಹೋಗಿ ನಿಂತುಬಿಡುವಳು. ಮಾತಿಲ್ಲ, ಕತೆಯಿಲ್ಲ. ಕೊನೆಗೆ ಅವನಿಗೇ ಮುಜುಗರವಾಗಿ ಜನ ಕಳಿಸುತ್ತಿದ್ದ.

ಹಾಗೆ ನಿಲ್ಲುವುದು ಅವಳಿಗೆ ಗಣಿಯಿಂದ ಬಂದದ್ದು. ಗಣಿ ನಡೆಯುತ್ತಿದ್ದ ಕಾಲದಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ಸೈರನ್ ಕೂಗಿತೆಂದರೆ ಕೆಳಗೆ ಏನೋ ಆಗಿದೆ ಎಂದು ಅರ್ಥ. ಲೈನಿನ ಹೆಂಗಸರು ಒಲೆ ಆರಿಸಿ, ಗಣಿಗೆ ಇಳಿಯುವ ಶಾಫ್ಟಿನ ಗೇಟಿಗೆ ಓಡುತ್ತಿದ್ದರು. ಅಲ್ಲಿ ಯಾರೂ ಕೂರುತ್ತಿರಲಿಲ್ಲ. ಗಂಡಸು ಮೇಲೆ ಬರುವ ಮುಂಚೆ ಕೂತರೆ ಸಾವಿಗೆ ಒಪ್ಪಿಕೊಂಡಂತೆ. ಅಮ್ಮಾಜಮ್ಮನ ಅಪ್ಪ ಪೆರುಮಾಳ್ ಬಂಡೆ ಕುಸಿದು ಸಿಕ್ಕಿಕೊಂಡಾಗ ಅವಳಿಗೆ ಲಂಗ ಹಾಕುವ ವಯಸ್ಸು. ಬೆಳಗಿನಿಂದ ಅಮ್ಮನ ಸೆರಗು ಹಿಡಿದು ನಿಂತಿದ್ದವಳು ಸಂಜೆಯ ಹೊತ್ತಿಗೆ ಕಾಲು ಸೋತು ಕೂತುಬಿಟ್ಟಳು. ಸ್ವಲ್ಪ ಹೊತ್ತಿಗೆ ಹೆಣ ಬಂತು. ತಾನು ಕೂತದ್ದಕ್ಕೇ ಅಪ್ಪ ಹೋದ ಎಂದು ಅವಳು ನಂಬಿದಳು. ಐವತ್ತು ದಾಟಿದರೂ ಆ ನಂಬಿಕೆ ಬಿಟ್ಟಿಲ್ಲ.

ಈಗ ಬಂಗಾರಪೇಟೆ ರಸ್ತೆ ಕಡೆ ಫಿರಂಗಿ ಗುಂಡು ಮಾಡುವ ಕಂಪನಿಯೊಂದು ಬರುತ್ತಿದೆ. ಬರುವವರು ಸುಮ್ಮನೆ ಬರುತ್ತಾರೆಯೇ? ಹತ್ತು ವರ್ಷ ಆಸ್ತಿ ತೆರಿಗೆ ಮಾಫಿ ಮಾಡಿ ಎಂದು ನಗರಸಭೆಯನ್ನು ಕೇಳಿದರು. ಇತ್ತ ನಮ್ಮ ಬೀದಿಯ ಪೌರಕಾರ್ಮಿಕರಿಗೆ ಸಂಬಳವಿಲ್ಲ ಎಂದು ಇದೇ ಅಮ್ಮಾಜಮ್ಮ ಮನೆಮನೆಗೂ ಹೋಗಿ ನೀರಿನ ಕಂದಾಯ ಕಟ್ಟಿ ಎಂದು ಕೈಮುಗಿದು ಬಂದಿದ್ದಳು. ಉಳ್ಳವರಿಗೆ ಮಾಫಿ, ಇಲ್ಲದವರಿಗೆ ನೋಟೀಸು!

ಮಾಫಿ ತೀರ್ಮಾನವಾಗುವ ಸಭೆಯ ಹಿಂದಿನ ಭಾನುವಾರ ಚಿರಂಜೀವಿ ಅವಳ ಮನೆಗೆ ಬಂದ. ಕಂಪನಿಗೆ ಕೆಲಸದವರನ್ನು ಒದಗಿಸುವ ಕಂಟ್ರಾಕ್ಟರ್ ಅವನು.

"ಅಕ್ಕಾ, ನೀನೇನೂ ಮಾಡಬ್ಯಾಡ. ಮೀಟಿಂಗಲ್ಲಿ ಸುಮ್ನೆ ಕೂತಿರು, ಅಷ್ಟೇ. ರಾಜ್‌ಕುಮಾರ್‌ಗೆ ಸ್ಟೋರಲ್ಲಿ ಕೆಲ್ಸ ಮಡಗಿವ್ನಿ."

ರಾಜ್‌ಕುಮಾರ್ ಅವಳ ಒಬ್ಬನೇ ಮಗ. ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಸೆಕ್ಯುರಿಟಿ. ಕತ್ತಲಲ್ಲೇ ಎದ್ದು ರೈಲು ಹತ್ತಿ, ಕತ್ತಲಾದ ಮೇಲೆ ಬರುತ್ತಾನೆ. ಅವನ ಮಗಳು ನವ್ಯಶ್ರೀ ಅಪ್ಪನನ್ನು ನೋಡುವುದೇ ಅಪರೂಪವಾಗಿ ಒಂದು ಸಲ "ಮಾಮ" ಎಂದು ಕರೆದಿತ್ತು. ನಾವೆಲ್ಲ ನಕ್ಕೆವು. ಅವನು ಎದ್ದು ಹಿತ್ತಲಿಗೆ ಹೋದ.

ಚಿರಂಜೀವಿ ಹೋದ ಮೇಲೆ ಗೋಡೆಯಾಚೆ ಮಗನ ದನಿ ಕೇಳಿಸಿತು. "ಅಮ್ಮಾ, ಕೂತ್ಕಂಡಿರಕ್ಕೂ ಆಗಲ್ವಾ ನಿಂಗೆ?" ಪಾತ್ರೆ ತೊಳೆಯುವ ಸದ್ದು ಮಾತ್ರ. ತೊಳೆದದ್ದನ್ನೇ ಮತ್ತೆ ತೊಳೆಯುತ್ತಿದ್ದಳು.

ಸಭೆಯ ದಿನ ಜೊತೆಗೆ ಬಾ ಎಂದು ನನ್ನ ಕೈ ಹಿಡಿದಳು. ದಾರಿಯುದ್ದಕ್ಕೂ ಒಂದೇ ಮಾತು: "ಶ್ಯಾಮಲ, ಏನ್ ಮಾಡ್ಲೇ? ಮೊಮ್ಮಗು ಮುಖ ಕಣ್ಮುಂದೆ ಬತ್ತದೆ." ಊರಿಗೆಲ್ಲ ಬುದ್ಧಿ ಹೇಳುವ ನಾನು ಆವತ್ತು ಅವಳ ಸೆರಗು ಸರಿಮಾಡಿದೆ, ಅಷ್ಟೇ. ನನಗೂ ಭಯವಾಗಿತ್ತು, ವಿರೋಧಿಸಿದರೂ ಸುಮ್ಮನಿದ್ದರೂ ಅವಳಿಗೆ ನಷ್ಟವೇ.

ನಾನು ಹಿಂದಿನ ಬೆಂಚಿನಲ್ಲಿ ಕೂತೆ. ಮಾಫಿಯ ವಿಷಯ ಬಂತು. ಅಧ್ಯಕ್ಷ ರಾಮಚಂದ್ರಪ್ಪ ಕನ್ನಡಕ ತೆಗೆದು, "ಒಪ್ಪಿಗೆ ಇಲ್ದೋರು ಎದ್ದು ನಿಂತ್ಕಳಿ. ಇಲ್ಲಾಂದ್ರೆ ಪಾಸು" ಎಂದರು. ಯಾರೂ ಏಳಲಿಲ್ಲ. ಅಮ್ಮಾಜಮ್ಮನ ಕೈ ಕುರ್ಚಿಯ ತೋಳನ್ನು ಹಿಡಿದಿತ್ತು, ಬಿಟ್ಟಿತು, ಮತ್ತೆ ಹಿಡಿಯಿತು. ಅಧ್ಯಕ್ಷರು ಪೆನ್ನು ಎತ್ತಿಕೊಂಡರು. ಅವಳು ಎದ್ದಳು.

"ಏನಮ್ಮ, ನೀರು ಬೇಕಾ?" ಎಂದರು ಅಧ್ಯಕ್ಷರು.

ಸಭೆ ನಕ್ಕಿತು. ನನಗೆ ಚಪ್ಪಲಿ ಬಿಚ್ಚುವಷ್ಟು ಸಿಟ್ಟು ಬಂತು.

"ನಂಗೆ ಒಪ್ಪಿಗೆ ಇಲ್ಲ ಸಾರ್. ಕಂಪನಿ ಬರ್ಲಿ. ಎಲ್ರಂಗೆ ಕಂದಾಯ ಕಟ್ಲಿ."

"ದೇಶಕ್ಕೋಸ್ಕರ ಅಲ್ವೇನಮ್ಮ ಅದು?" ಎಂದ ಪಕ್ಕದ ಮೆಂಬರ್.

"ದೇಶುಕ್ಕಾದ್ರೆ ದೇಶ ಕೊಡ್ಲಿ. ನಮ್ಮ ಚರಂಡಿ ದುಡ್ಡು ಯಾಕೆ? ಮಾಫಿ ಮಾಡುದ್ರೆ ಆ ಗುಂಡಿಗೆ ನಾವೂ ಚಂದಾ ಆಕ್ದಂಗೆ." ಅವಳು ಅಧ್ಯಕ್ಷರ ಕಡೆ ತಿರುಗಿದಳು. "ಅದು ಬಿದ್ದ ಊರಾಗೆ ಎಂಗುಸ್ರು ಯಾವ ಗೇಟತ್ರ ಓಗಿ ನಿಂತ್ಕತಾರೆ ಸಾರ್?"

ಈ ಸಲ ಯಾರೂ ನಗಲಿಲ್ಲ. ಆದರೆ ಯಾರೂ ಏಳಲೂ ಇಲ್ಲ. ಒಬ್ಬರ ವಿರೋಧ ಎಂದು ಬರೆಸಿ ಅಧ್ಯಕ್ಷರು ಪಾಸು ಮಾಡಿದರು. "ಆಯ್ತಲ್ಲ, ಕೂತ್ಕಳಮ್ಮ" ಎಂದರು. ಅವಳು ಕೂರಲಿಲ್ಲ. ಬೀದಿದೀಪದ ವಿಷಯ ಬಂತು, ಮಾರ್ಕೆಟ್ಟಿನ ವಿಷಯ ಬಂತು, ಟೀ ಬಂತು. ಅವಳು ನಿಂತೇ ಇದ್ದಳು. ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಿದ್ದಳು. ಹೋಗಿ ಹಿಡಿದು ಕೂರಿಸೋಣ ಅನ್ನಿಸಿತು, ಹೋಗಲಿಲ್ಲ.

ಸಭೆ ಮುಗಿದು ಹೊರಗೆ ಬಂದರೆ ಗೇಟಿನ ಹತ್ತಿರ ರಾಜ್‌ಕುಮಾರ್. ಅವನು ರಜ ಹಾಕಿ ಬಂದದ್ದು ನಮಗೆ ಗೊತ್ತಿರಲಿಲ್ಲ. ಅಮ್ಮಾಜಮ್ಮ ನನ್ನ ಹಿಂದೆ ಸರಿದಳು, ಹೊಡೆತಕ್ಕೆ ಹೆದರಿದ ಮಗುವಿನ ಹಾಗೆ.

"ಚಿರಂಜೀವಿ ಫೋನ್ ಮಾಡಿದ್ದ," ಎಂದ ಅವನು. ಮುಖ ನೋಡಲಿಲ್ಲ. "ಕೆಲ್ಸ ಇಲ್ವಂತೆ."

"ಕೋಪನಾ ಕಂದಾ?"

"ಊ, ಕೋಪನೇ."

ಮರದ ಕೆಳಗೆ ಕಲ್ಲುಬೆಂಚು ಖಾಲಿ ಇತ್ತು. ಅವನ ಅಂಗಿ ಬೆವರಿನಿಂದ ಒದ್ದೆಯಾಗಿತ್ತು.

"ಆಗ್ಲಿಂದ ಬಿಸ್ಲಲ್ಲಿ ನಿಂತಿದೀಯಾ? ಅಲ್ಲಿ ಕೂತ್ಕಬೋದಿತ್ತಲ್ಲಪ್ಪ," ಎಂದಳು ಅವಳು.

"ನೀನಿನ್ನೂ ಒಳ್ಗಿದ್ಯಲ್ಲಮ್ಮ," ಎಂದ. ಅವಳ ಕೈಚೀಲ ತೆಗೆದುಕೊಂಡು ಮುಂದೆ ನಡೆದ. "ನಾಳೆ ರೈಲಿಗೆ ಬೇಗ ಎಬ್ಬುಸು."