ಅಕ್ಕ ಓದಿದ ಕಾಲೇಜು

ತೊಂಬತ್ತರ ದಶಕದ ಮಾತು. ಪಿಯುಸಿ ಮುಗಿದ ಬೇಸಿಗೆಯಲ್ಲಿ ನಮ್ಮ ಕಾನಸೂರಿನ ಮನೆಗೆ ಬಂದವರೆಲ್ಲ ನನಗೆ ಧಾರವಾಡದ ದಾರಿ ತೋರಿಸಿದರು. ಜೀವಶಾಸ್ತ್ರವೇ ಬೇಕೆಂದರೆ ದೊಡ್ಡ ಊರಿನ ಕಾಲೇಜಿಗೆ ಹೋಗು, ಮುಂದೆ ಎಂಎಸ್ಸಿಗೂ ಅನುಕೂಲ ಎಂದರು. ನನಗೆ ಶಿರಸಿಯ ಚಿಕ್ಕ ಕಾಲೇಜೇ ಬೇಕಿತ್ತು. ಅಲ್ಲಿ ಕಪ್ಪೆ ಕೊಯ್ದು ಕೈ ತೊಳೆದುಕೊಂಡವರು ಮುಂದಿನ ತಾಸಿಗೆ ಹಳಗನ್ನಡದ ಪಾಠಕ್ಕೆ ಕೂರುತ್ತಿದ್ದರು. ಪ್ರಾಣಿಶಾಸ್ತ್ರದ ಮೇಷ್ಟ್ರು ಇತಿಹಾಸದವರ ಜೊತೆ ವರಾಂಡದಲ್ಲೇ ವಾದಕ್ಕೆ ನಿಲ್ಲುತ್ತಿದ್ದರು. ಇದನ್ನೆಲ್ಲ ನನಗೆ ಹೇಳಿದ್ದು ಅಕ್ಕ. ಅಲ್ಲಿ ಬಿಎಸ್ಸಿ ಎರಡನೇ ವರ್ಷದಲ್ಲಿದ್ದಾಗ ಅವಳು ತೀರಿಕೊಂಡಳು. ಆ ಕಾಲೇಜು ಬೇಡ ಎನ್ನುವುದಕ್ಕೆ ಕಾರಣ ಅದೇ ಎಂದು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಹಿಂದಿನ ಬೇಸಿಗೆಯಲ್ಲಿ ಅವಳು ರಜೆಗೆ ಬಂದಿದ್ದಾಗ ಮನೆಯ ಹಿಂದೆ ಒಂದು ಮಂಗ ಸತ್ತು ಬಿದ್ದಿತ್ತು. ನಮ್ಮ ಕಡೆ ಸತ್ತ ಮಂಗನನ್ನು ಹಾಗೇ ಬಿಡುವುದಿಲ್ಲ. ಹನುಮಂತನೆಂದು ಕುಂಕುಮ ಹಚ್ಚಿ, ಕೆಂಪು ವಸ್ತ್ರ ಹೊದೆಸಿ ಮಣ್ಣು ಮಾಡುತ್ತಾರೆ. ಅಕ್ಕ ಮುಟ್ಟಬೇಡಿ ಎಂದಳು. ಅದರ ಮೈಮೇಲಿನ ರಕ್ತ ಹೀರುವ ಉಣುಗು ಕೆಳಗಿಳಿದು ಮನುಷ್ಯರಿಗೆ ಕಚ್ಚಿ ಕಾಯಿಲೆ ತರುತ್ತದೆ, ಆಸ್ಪತ್ರೆಯವರಿಗೆ ತಿಳಿಸಿ ಸುಡಿಸಬೇಕು ಎಂದಳು. ಹಿರಿಯರು ಮೊದಲು ನಕ್ಕರು, ಆಮೇಲೆ ರೇಗಿದರು. ನಾಲ್ಕಕ್ಷರ ಕಲಿತಿದ್ದೇ ದೇವರನ್ನು ಕಸದ ಹಾಗೆ ಸುಡು ಎನ್ನುತ್ತಾಳಂತೆ. ಕೊನೆಗೆ ವಸ್ತ್ರ ಹೊದೆಸಿದ್ದು ಅವಳೇ. ಯಾಕೆ ಒಪ್ಪಿದಳೋ ನನಗೆ ತಿಳಿಯಲಿಲ್ಲ. ಕೆಲವೇ ದಿನಗಳಲ್ಲಿ ಜ್ವರ ಬಂತು, ಮೂಗಿನಿಂದ ರಕ್ತ ಬಂತು. ಮಂಗನ ಕಾಯಿಲೆ. ಜೊತೆಗಿದ್ದ ಉಳಿದವರಿಗೆ ಏನೂ ಆಗಲಿಲ್ಲ. ಅದಕ್ಕೆ ನನಗೆ ಈಗಲೂ ಸಿಟ್ಟಿದೆ.

ಆಮೇಲೂ ಅವಳು ಮನೆಯಲ್ಲಿ ಇದ್ದೇ ಇದ್ದಳು. ಊಟದ ಹೊತ್ತಿಗೆ ನಮ್ಮಮ್ಮ, ಆಯಿ, ಒಂದು ಲೋಟ ಹೆಚ್ಚಿಗೆ ಇಡುತ್ತಿದ್ದಳು, ಮರುಗಳಿಗೆ ಒಳಗೆ ಒಯ್ಯುತ್ತಿದ್ದಳು. ಹಿತ್ತಿಲಿನ ತರಗೆಲೆ ಸರಕ್ಕೆಂದರೆ ನಾನು ತಿರುಗಿ ನೋಡುತ್ತಿದ್ದೆ. ಹೆದರಿಕೆಯಾಗುತ್ತಿತ್ತು. ಸದ್ದು ನಿಂತರೆ ಇನ್ನೂ ಹೆಚ್ಚು ಹೆದರಿಕೆ.

ಕಾಲೇಜಿಗೆ ಸೇರುವ ದಿನ ಅಪ್ಪ ಮತ್ತೆ ಧಾರವಾಡದ ಮಾತೆತ್ತಿದ. ಶಿರಸಿ ಬಿಟ್ಟರೆ ಓದುವುದೇ ಇಲ್ಲ ಎಂದು ನಾನು ಹಟ ಹಿಡಿದೆ. ಆಯಿ ಸೀರೆ ಬದಲಿಸಿ ನನ್ನ ಜೊತೆ ಬಸ್ಸು ಹತ್ತಿದಳು. ತಡೆಯಲಿಕ್ಕೇ ಬರುತ್ತಿದ್ದಾಳೆ ಎಂದುಕೊಂಡೆ. ಕಾಲೇಜಿನ ಲ್ಯಾಬಿನಲ್ಲಿ, ದೊಡ್ಡ ಮಗಳು ಕೂರುತ್ತಿದ್ದುದು ಎಲ್ಲಿ ಎಂದು ಮೇಷ್ಟ್ರನ್ನು ಕೇಳಿದಳು. ಅವರು ಕಿಟಕಿ ಪಕ್ಕದ ಸ್ಟೂಲು ತೋರಿಸಿ ಹೊರಗೆ ಹೋದರು. ಆಯಿ ಅದರ ಮೇಲೆ ಕೈಯಿಟ್ಟಳು.

“ಅಕ್ಕ ಬ್ಯಾಡ ಹೇಳಿತ್ತು. ಊರವರ ಬಾಯಿಗೆ ಹೆದ್ರಿ, ವಸ್ತ್ರ ಹೊದೆಸು ಹೇಳಿ ಕಳಿಸಿದ್ದು ಆನೇ, ನಿನ್ನ ಆಯಿ,” ಎಂದಳು. ಸ್ಟೂಲನ್ನು ನನ್ನ ಕಡೆ ಸರಿಸಿ, “ನೀನು ಇಲ್ಲೇ ಓದು,” ಎಂದಳು.

ಎಂಎಸ್ಸಿಗೆ ಧಾರವಾಡಕ್ಕೇ ಹೋದೆ, ಅದು ಆಮೇಲಿನ ಮಾತು. ಅದಕ್ಕೂ ಮೊದಲು, ಮರುವರ್ಷದ ಬೇಸಿಗೆಯಲ್ಲಿ, ಅದೇ ಜಾಗದಲ್ಲಿ ಇನ್ನೊಂದು ಮಂಗ ಸತ್ತಿತು. ಮುಟ್ಟಬೇಡಿ ಎಂದು ನಾನು ಕೂಗಿಕೊಂಡೆ. ಆಯಿ ಒಳಗಿಂದ ಕೆಂಪು ವಸ್ತ್ರ ತಂದಾಗ ತಡೆಯಲು ಅವಳ ಪಕ್ಕಕ್ಕೆ ಓಡಿದೆ. ಆದರೆ ಅವಳು ಅಂಗಳ ದಾಟಲಿಲ್ಲ. ಆಸ್ಪತ್ರೆಯವರು ಬಂದು ಬೆಂಕಿ ಹಾಕುವ ತನಕ ವಸ್ತ್ರ ಹಿಡಿದುಕೊಂಡೇ ನಿಂತಳು. ಊರವರು ಗೊಣಗಿದಾಗ ಅವರ ಕಡೆ ತಿರುಗಿದಳು.

“ಯನ್ನ ದೊಡ್ಡ ಮಗಳು ಬ್ಯಾಡ ಹೇಳಿದ್ದು,” ಎಂದಳು.

ಈ ಸಲ ಕೂಗಿದ್ದವಳು ನಾನು, ಅವಳ ಪಕ್ಕದಲ್ಲೇ ನಿಂತಿದ್ದೆ. ಯಾರೂ ಅವಳನ್ನು ತಿದ್ದಲಿಲ್ಲ, ನಾನೂ ತಿದ್ದಲಿಲ್ಲ.