ಮರಿಗೆ ಹಿಡಿದ ಕೈ

ಜಪಾನಿಗೆ ನನ್ನನ್ನು ಕಳಿಸಿದ್ದು ರೊಟ್ಟಿಯ ಡಬ್ಬಿ ಕಾಯಲು. ಇದರಲ್ಲಿ ಮುಚ್ಚುಮರೆ ಏನಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನನ್ನ ಗಂಡನ ಮನೆಯವರು ಸೊಲ್ಲಾಪುರದ ಸರಾಫ ಪೇಟೆಯಲ್ಲಿ ಮೂರು ತಲೆಮಾರಿನಿಂದ ಬೆಳ್ಳಿ ಮಾರಿಕೊಂಡು ಬಂದವರು. ಆಗ ಹೊಸದಾಗಿ ಟವೆಲ್ ನೇಯುವ ಕಾರ್ಖಾನೆಗೆ ಕೈ ಹಾಕಿದ್ದರು. ಮಗ್ಗದ ಯಂತ್ರ ನೋಡಲು ನಮ್ಮವರು ಜಪಾನಿಗೆ ಹೊರಟರು. ಅವರಿಗೆ ಹೊಟ್ಟೆಹುಣ್ಣು, ಜೋಳದ ರೊಟ್ಟಿ ಬಿಟ್ಟರೆ ಬೇರೇನೂ ದಕ್ಕುತ್ತಿರಲಿಲ್ಲ. ಅತ್ತೆ ನನ್ನ ಕಡೆ ತಿರುಗಿ, "ನೀನೂ ಹೋಗು. ಇವನ ಹೊಟ್ಟಿ ಸಂಭಾಳಿಸು. ಆದ್ರ ಅಲ್ಲಿ ಯಾರ ಮುಂದೂ ನಿನ್ನ ತವರಮನಿ ಪುರಾಣ ತಗೀಬ್ಯಾಡ" ಎಂದರು.

ತವರುಮನೆಯ ಪುರಾಣ ಎಂದರೆ ಇಷ್ಟೇ. ನಮ್ಮಪ್ಪ ಅಕ್ಕಲಕೋಟೆಯಲ್ಲಿ ಬೆಳ್ಳಿ ಕೆಲಸ ಮಾಡುವವನು. ಕರಡಿಗೆ, ಕಾಲ್ಗೆಜ್ಜೆ, ಕುಂಕುಮದ ಭರಣಿ ಅವನ ಕೈಯಲ್ಲಿ ಹುಟ್ಟುತ್ತಿದ್ದವು. ನಮ್ಮವ್ವ ಅವನ ಕೆಲಸದ ಕೋಣೆಯ ಕಸ ತೊಳೆಯುತ್ತಿದ್ದಳು. ಅರ ಹಾಕುವಾಗ ಉದುರಿದ ಬೆಳ್ಳಿಯ ಪುಡಿ ನೆಲದ ಮಣ್ಣಲ್ಲಿ, ಒಲೆಯ ಬೂದಿಯಲ್ಲಿ, ಕಾಲೊರೆಸುವ ಗೋಣಿಯಲ್ಲಿ ಸೇರಿಕೊಂಡಿರುತ್ತದೆ. ಅದನ್ನೆಲ್ಲ ಒಟ್ಟುಮಾಡಿ, ಸುಟ್ಟು, ಕುಟ್ಟಿ, ಮರಿಗೆ ಎಂಬ ಅಗಲವಾದ ಮರದ ತಟ್ಟೆಗೆ ಹಾಕಿ ನೀರಿನಲ್ಲಿ ಆಡಿಸಬೇಕು. ಮಣ್ಣು ತೇಲಿ ಹೋಗುತ್ತದೆ, ಬೆಳ್ಳಿ ತಳದಲ್ಲಿ ಕಪ್ಪಗೆ ಕೂರುತ್ತದೆ. ಅವ್ವ ಓಣಿಯ ಬೇರೆ ಅಂಗಡಿಗಳ ಕಸವನ್ನೂ ತೊಳೆದು ಕೊಡುತ್ತಿದ್ದಳು. ಎಷ್ಟು ತಿಕ್ಕಿದರೂ ಅವಳ ಬೆರಳ ತುದಿಗಳ ಕಪ್ಪು ಹೋಗುತ್ತಿರಲಿಲ್ಲ. ಹನ್ನೆರಡು ವರ್ಷಕ್ಕೇ ನನಗೂ ಮರಿಗೆ ಹಿಡಿಯುವುದನ್ನು ಕಲಿಸಿದ್ದಳು.

ಹೆಣ್ಣು ನೋಡಲು ಬಂದ ದಿನವೇ ಅತ್ತೆ ಆ ಬೆರಳುಗಳನ್ನು ನೋಡಿದ್ದರು. ಎರಡೂ ಮನೆಯದು ಒಂದೇ ಜಾತಿ. ಆದರೂ ಅವರು ತೂಗುವವರು, ನಾವು ತೊಳೆಯುವವರು. "ನಿಮ್ಮ ಮಗಳು ನಮಗ ಪಸಂದ ಅದಾಳ್ರಿ. ಖರೆ, ಈ ಕಸದ ಮಾತು ಸೊಲ್ಲಾಪುರದಾಗ ಬರಬಾರದು" ಎಂದರು. ಅವ್ವ ಕೈಯನ್ನು ಸೆರಗಿನೊಳಗೆ ಎಳೆದುಕೊಂಡು ಹೂಂ ಎಂದಳು. ನಾನೂ ಹೂಂ ಎಂದೆ. ಅಲ್ಲಿಂದ ಎಂಟು ವರ್ಷ ಅವ್ವ ನನ್ನನ್ನು ನೋಡಲು ಎಸ್‌ಟಿ ಬಸ್ಸಿನಲ್ಲಿ ಬಂದಾಗೆಲ್ಲ ವಿಜಾಪುರ ರಸ್ತೆಯ ನಮ್ಮ ಮನೆಯ ಹಿತ್ತಲ ಬಾಗಿಲಿನಿಂದ ಒಳಗೆ ಬಂದಳು, ಅಡುಗೆಮನೆಯಲ್ಲಿ ಕೂತಳು, ಬೆಳಕಿರುವಾಗಲೇ ಅದೇ ಬಾಗಿಲಿನಿಂದ ಹೋದಳು. ಪೇಟೆಯ ಅಂಗಡಿಯನ್ನಂತೂ ಅವಳು ಕಣ್ಣಲ್ಲಿ ಕಂಡಿರಲಿಲ್ಲ.

ನನ್ನ ಮೈ ಉರಿಯುತ್ತಿದ್ದುದು ದೀಪಾವಳಿಗೆ. ಸರಾಫರ ಲಕ್ಷ್ಮೀಪೂಜೆಯಲ್ಲಿ ಅಂಗಡಿಯ ಕಸಬರಿಗೆಗೂ ಕುಂಕುಮ ಹಚ್ಚುತ್ತಾರೆ. ಅವತ್ತು ಗುಡಿಸಿದ ಧೂಳನ್ನು ಹೊರಗೆ ಚೆಲ್ಲುವುದಿಲ್ಲ, ಬೆಳ್ಳಿ ಬೆರೆತ ಧೂಳು ಎಂದು ತಟ್ಟೆಯಲ್ಲಿಟ್ಟು ಲಕ್ಷ್ಮಿಯ ಪಕ್ಕದಲ್ಲೇ ಕೂರಿಸಿ ಹೂವೇರಿಸುತ್ತಾರೆ. ಧೂಳಿಗೆ ಆರತಿ, ಧೂಳು ತೊಳೆಯುವವಳಿಗೆ ಹಿತ್ತಲ ಬಾಗಿಲು. ಎಂಟು ದೀಪಾವಳಿ ನಾನು ಹಲ್ಲು ಕಚ್ಚಿಕೊಂಡು ಆ ಆರತಿಯ ತಟ್ಟೆ ಹಿಡಿದಿದ್ದೆ. ಅತ್ತೆಯ ಮೇಲಿನ ಸಿಟ್ಟಿಗಿಂತ ನನ್ನ ಬಾಯಿಯ ಮೇಲೆ ನನಗೆ ಹೆಚ್ಚು ಸಿಟ್ಟಿತ್ತು.

ಹೀಗೆ ಬಾಯಿ ಮುಚ್ಚಿಕೊಂಡೇ ಜಪಾನಿಗೆ ಹೋದೆ. ಜೊತೆಗೆ ಸೊಲ್ಲಾಪುರದ ಒಬ್ಬ ಚಾದರದ ಸೇಠ ಇದ್ದರು, ನಮ್ಮವರ ಸ್ನೇಹಿತರು, ಪೇಟೆಯ ಬಾಯಿ ಎಂದರೂ ನಡೆದೀತು. ಅಲ್ಲಿ ನಮಗೆ ದುಭಾಷಿಯಾಗಿ ಸಿಕ್ಕ ಮುದುಕ ಹಿಂದೆ ಮುಂಬಯಿಯಲ್ಲಿ ಹತ್ತಿ ವ್ಯಾಪಾರದಲ್ಲಿದ್ದವನು, ಬಜಾರಿನ ಹಿಂದಿ ಸರಾಗವಾಗಿ ಆಡುತ್ತಿದ್ದ. ಯಂತ್ರಗಳನ್ನೆಲ್ಲ ನೋಡಿ ಮುಗಿದ ಮೇಲೆ ಎರಡು ದಿನ ಉಳಿಯಿತು. ನಾವು ಬೆಳ್ಳಿಯವರೆಂದು ತಿಳಿದಾಗ ಮುದುಕನ ಮುಖ ಅರಳಿತು. ಅವನ ಹುಟ್ಟೂರಿನ ಹತ್ತಿರ ಹಳೆಯ ಬೆಳ್ಳಿ ಗಣಿಯೊಂದಿದೆ, ಒಂದು ಕಾಲಕ್ಕೆ ಅಲ್ಲಿನ ಬೆಳ್ಳಿ ಸಮುದ್ರ ದಾಟಿ ದೇಶದೇಶಕ್ಕೆ ಹೋಗುತ್ತಿತ್ತಂತೆ. ರೈಲು, ಬಸ್ಸು ಹಿಡಿದು ಅವನು ನಮ್ಮನ್ನು ಅಲ್ಲಿಗೆ ಕರೆದುಕೊಂಡು ಹೋದ.

ಎರಡು ಗುಡ್ಡಗಳ ನಡುವೆ ಒಂದು ಹಳ್ಳ, ಹಳ್ಳದ ಪಕ್ಕ ಒಂದೇ ಬೀದಿ, ಬೀದಿಯ ಉದ್ದಕ್ಕೂ ಕೆಂಪು ಹಂಚಿನ ಮರದ ಮನೆಗಳು. ಊರು ಎಂದರೆ ಅಷ್ಟೇ. ಬೆಳ್ಳಿ ತೀರಿ ಎಷ್ಟೋ ಕಾಲವಾಗಿತ್ತು, ಜನ ಬಿಟ್ಟುಹೋಗಿದ್ದರು. ಉಳಿದವರು ಮಾತ್ರ ಒಟ್ಟಾಗಿ, ಬಿದ್ದ ಹಂಚನ್ನು ಎತ್ತಿ ಹಾಕುತ್ತ, ಕೊಳೆತ ಕಂಬ ಬದಲಿಸುತ್ತ ಹಳೆಯ ಮನೆಗಳನ್ನು ಇದ್ದ ಹಾಗೇ ಕಾಯ್ದುಕೊಂಡಿದ್ದರು. ಅವುಗಳ ಒಳಗೆ ಸಂಸಾರಗಳಿದ್ದವು. ಜಾಲಂಧ್ರದ ಹಿಂದಿನಿಂದ ಸಾರಿನ ವಾಸನೆ ಬರುತ್ತಿತ್ತು. "ಗಣಿ ಊರು ಅನ್ನಿಸಿಕೊಳ್ಳೋಕೆ ನಾಚಿಕೆ ಆಗಲ್ಲವೇ?" ಎಂದು ನಮ್ಮವರು ಹಿಂದಿಯಲ್ಲಿ ಕೇಳಿದರು. ಮುದುಕನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಎರಡು ಸಲ ಕೇಳಿಸಿಕೊಂಡು, "ಯಾವುದಕ್ಕೆ ನಾಚಿಕೆ?" ಎಂದ. ನನಗೆ ಆ ಊರು ಅಲ್ಲೇ ಮೆಚ್ಚಿಗೆಯಾಯಿತು.

ಸುರಂಗದ ಬಾಯಿಗೆ ಬಂದೆವು. ಆಳೆತ್ತರವೂ ಇಲ್ಲ, ಒಳಗಿನಿಂದ ಮಂಜಿನಂಥ ತಂಪು ಗಾಳಿ. ಬೆಳ್ಳಿ ಹುಟ್ಟಿದ ಜಾಗ ಕಂಡದ್ದೇ ತಡ, ನಮ್ಮವರೂ ಸೇಠರೂ ಬೂಟು ಕಾಲುಚೀಲ ಕಳಚಿ ಬರಿಗಾಲಲ್ಲಿ ನಿಂತು ಕೈ ಮುಗಿದರು. "ಲಕ್ಷ್ಮೀ ತವರಮನಿ ಇದು" ಎಂದು ಸೇಠರು ಒಂದು ಕಲ್ಲಿನ ಚೂರನ್ನು ಕಣ್ಣಿಗೊತ್ತಿಕೊಂಡರು. ಮುದುಕ ಗಾಬರಿಯಾದ. ಅವರಲ್ಲಿ ಮನೆಯೊಳಗೆ ಹೋಗುವಾಗ ಚಪ್ಪಲಿ ಬಿಡುತ್ತಾರೆ, ಗಣಿಗೆ ಬಿಟ್ಟವರನ್ನು ಅವನು ಕಂಡಿರಲಿಲ್ಲ. ಒಳಗೆ ನೆಲವೆಲ್ಲ ಕೊರೆಯುವ ತಣ್ಣೀರು. ಇಬ್ಬರೂ ಕುಣಿಯುತ್ತ ಹೊರಗೆ ಬಂದದ್ದನ್ನು ನೆನೆದರೆ ಈಗಲೂ ನಗು ಬರುತ್ತದೆ. ಗಣಿಯಲ್ಲಿ ಮೂವತ್ತು ವರ್ಷ ವಯಸ್ಸು ಮುಟ್ಟಿದವನಿಗೆ ದೀರ್ಘಾಯುಷಿ ಎಂದು ಹಬ್ಬದೂಟ ಹಾಕುತ್ತಿದ್ದರು ಎಂದು ಮುದುಕ ಹೇಳಿದ. ಆಗ ಮಾತ್ರ ನಗು ನಿಂತಿತು.

ಊರಿನ ಹಳೆಯ ಕಚೇರಿಯನ್ನು ಊರವರೇ ವಸ್ತುಸಂಗ್ರಹಾಲಯ ಮಾಡಿದ್ದರು. ಒಳಗೆ ಕಾಲಿಟ್ಟೆ. ಗಾಜಿನ ಹಿಂದೆ ಒಂದು ಮರಿಗೆ!

ಅವ್ವನ ಮರಿಗೆಗಿಂತ ಸ್ವಲ್ಪ ಉದ್ದ, ಅಂಚು ಸ್ವಲ್ಪ ತೆಳು, ಅಷ್ಟೇ ವ್ಯತ್ಯಾಸ. ಪಕ್ಕದ ಹಳೆಯ ಚಿತ್ರದಲ್ಲಿ ಹೆಂಗಸರು ನೀರಿನ ತೊಟ್ಟಿಯ ಮುಂದೆ ಕುಕ್ಕುರುಗಾಲಲ್ಲಿ ಕೂತು ಅದನ್ನು ಆಡಿಸುತ್ತಿದ್ದರು. ಕುಟ್ಟಿದ ಅದಿರನ್ನು ತೊಳೆದು ಬೆಳ್ಳಿ ಬೇರೆ ಮಾಡುವುದು ಹೆಂಗಸರ ಕೆಲಸವಾಗಿತ್ತು, ಎಂದ ಮುದುಕ. ಕಲ್ಲನ್ನು ಕಣ್ಣಿಗೊತ್ತಿಕೊಂಡಿದ್ದ ಸೇಠರು ನಕ್ಕರು. "ಕಸ ತೊಳಿಯೋ ಬಾಯಕಾ ಇಲ್ಲೂ ಇದ್ರು ನೋಡ್ರಿ! ಅದನ್ನೂ ಗಾಜಿನ್ಯಾಗ ಇಟ್ಟಾರಲ್ಲ!" ನಮ್ಮವರು ಚಿತ್ರ ನೋಡಲಿಲ್ಲ, ನನ್ನ ಮುಖ ನೋಡಿದರು. ಸುಮ್ಮನಿರು ಎಂದು ಬೇಡುವ ಕಣ್ಣು. ಆ ಕಣ್ಣಿಗೆ ನಾನು ಎಂಟು ವರ್ಷ ಮಣಿದಿದ್ದೆ.

ಅಂಗಳದಲ್ಲಿ ಬಂದವರು ಮಾಡಿ ನೋಡಲೆಂದು ಒಂದು ತೊಟ್ಟಿ, ಮರಳು, ಹೊಸ ಮರಿಗೆ ಇಟ್ಟಿದ್ದರು. ಕಾಯುವ ಹೆಂಗಸು ತೋರಿಸಲು ಹೋಗಿ ಮರಳನ್ನೆಲ್ಲ ನೀರಿಗೆ ಚೆಲ್ಲಿದಳು. ನಾನು ಸೀರೆ ಎತ್ತಿ ಕಟ್ಟಿ, ಕುಕ್ಕುರುಗಾಲಲ್ಲಿ ಕೂತು, ಮರಿಗೆ ಎಳೆದುಕೊಂಡೆ. ನೀರಿನ ಜೊತೆ ಜಗಳ ಆಡಬಾರದು ಎಂದು ಅವ್ವ ಹೇಳುತ್ತಿದ್ದಳು. ಮೂರು ಸಲ ಓಲಿಸು, ಒಂದು ಸಲ ಅಂಚಿಗೆ ತಟ್ಟು. ಎಂಟು ವರ್ಷದಲ್ಲಿ ಕೈ ಏನನ್ನೂ ಮರೆತಿರಲಿಲ್ಲ. ಮರಳು ತೆಳ್ಳಗೆ ಹರಿದುಹೋಗಿ ತಳದಲ್ಲಿ ಕಪ್ಪು ಪುಡಿ ಬಾಲಚಂದ್ರನ ಹಾಗೆ ನಿಂತಿತು.

"ವೈನಿ, ನಿಮಗ ಇದು ಹ್ಯಾಂಗ ಗೊತ್ತು?" ಎಂದರು ಸೇಠರು.

"ನಮ್ಮವ್ವ ಅಕ್ಕಲಕೋಟ್ಯಾಗ ಇದನ್ನ ಮಾಡ್ತಾಳ್ರಿ. ಊರ ಕಸ ತೊಳೀತಾಳ. ನನಗೂ ಕಲಿಸ್ಯಾಳ" ಎಂದೆ. ಅಂಗಳಕ್ಕೆಲ್ಲ ಕೇಳಿಸುವಷ್ಟು ಜೋರಾಗಿಯೇ ಅಂದೆ.

ಮುದುಕ ಅದನ್ನು ತನ್ನ ಭಾಷೆಯಲ್ಲಿ ಹೇಳಿದ. ಕಾಯುವ ಹೆಂಗಸು ನನ್ನೆದುರು ಮಂಡಿಯೂರಿ ತಲೆ ಬಾಗಿಸಿದಳು. ಆಮೇಲೆ ಬಂದವರು ಬರೆಯುವ ಪುಸ್ತಕ ತಂದು, ಕಲಿಸಿದವರ ಹೆಸರು ಬರೆಯಿರಿ ಎಂದಳು. ಅವ್ವನ ಹೆಸರನ್ನು ಕನ್ನಡದಲ್ಲಿ ಬರೆದೆ. ನಮ್ಮವರಿಗೆ ಕನ್ನಡ ಓದಲು ಬರುತ್ತಿರಲಿಲ್ಲ, ಅದಕ್ಕೆ ಕೆಳಗೆ ಮರಾಠಿಯಲ್ಲೂ ಬರೆದೆ. ವಾಪಸು ಬರುವ ದಾರಿಯುದ್ದಕ್ಕೂ ಅವರು ಕಿಟಕಿಯ ಕಡೆ ಮುಖ ಮಾಡಿಕೊಂಡೇ ಕೂತರು. ರೊಟ್ಟಿ ಮಾತ್ರ ತಿಂದರು.

ಸೇಠರು ಒಂದು ದಿನ ಮುಂಚೆಯೇ ಊರು ಸೇರಿದ್ದರು, ಸೊಲ್ಲಾಪುರಕ್ಕೆ ನಮಗಿಂತ ಮೊದಲು ಸುದ್ದಿ ಮುಟ್ಟಿತ್ತು. "ಚೇಷ್ಟಿಗೆ ಮಾಡಿದೆ ಅಂತ ಹೇಳಿಬಿಡು" ಎಂದರು ಅತ್ತೆ. "ಚೇಷ್ಟಿ ಅಲ್ಲರಿ" ಎಂದೆ. ದೀಪಾವಳಿ ಹತ್ತಿರ ಬಂದಾಗ ಅಕ್ಕಲಕೋಟೆಗೆ ಹೋಗಿ ಅವ್ವನಿಗೆ ಎಲ್ಲ ಹೇಳಿದೆ. ಅವಳು ಕೇಳಿದ್ದು ಒಂದೇ, "ಅವರ ಮರಿಗಿ ಯಾವ ಕಟ್ಟಿಗೀದು?" ಲಕ್ಷ್ಮೀಪೂಜೆಗೆ ಪೇಟೆಯ ಅಂಗಡಿಗೇ ಬಾ ಎಂದೆ. ಬೇಡವೇ ಬೇಡ ಎಂದಳು. "ನೀ ಮುಂದಿನ ಬಾಗಿಲಿನ್ಯಾಗ ಬಾ. ಇಲ್ಲಂದ್ರ ನಾನು ಹಿತ್ತಲ ಬಾಗಿಲಿನಿಂದ ಹೊರಗ ಬರ್ತೀನಿ, ಮತ್ತ ಒಳಗ ಹೋಗೂದಿಲ್ಲ" ಎಂದೆ. ಅವಳು ಎದ್ದು ಪೆಟ್ಟಿಗೆಯಿಂದ ಇಳಕಲ್ ಸೀರೆ ತೆಗೆದಳು.

ಪೂಜೆಯ ಸಂಜೆ ಅವಳ ಕೈ ಹಿಡಿದು ಅಂಗಡಿಯ ಮೆಟ್ಟಿಲು ಹತ್ತಿಸಿದೆ. ಅತ್ತೆ ಸಣ್ಣ ದನಿಯಲ್ಲಿ, "ಇವರನ್ನ ಒಳಗ ಕರಕೊಂಡು ಹೋಗು. ಮಂದಿ ಬರೂ ಹೊತ್ತು" ಎಂದರು.

"ಮದಲ ಆ ಧೂಳಿನ ತಾಟು ಒಳಗ ಹೋಗ್ಲಿ" ಎಂದೆ. "ಆ ಕಸಬರಿಗಿ ಹೋಗ್ಲಿ. ಅವುಗಳ ಹಿಂದ ನಮ್ಮವ್ವ ಹೋಗ್ತಾಳ."

ತಟ್ಟೆ ಎತ್ತಿದರೆ ಪೂಜೆಯೇ ಇಲ್ಲ. ಅತ್ತೆ ನಮ್ಮವರ ಕಡೆ ನೋಡಿದರು. ನಮ್ಮವರು ಗಾದಿಯ ಮೇಲೆ ಒಂದು ಮೊಳ ಸರಿದು ಜಾಗ ಬಿಟ್ಟರು. ಅವ್ವ ಅಲ್ಲಿ ಕೂತಳು. ಅತ್ತೆಯ ಕೈಯಿಂದ ನಾನೇ ಕುಂಕುಮದ ಭರಣಿ ತೆಗೆದುಕೊಂಡೆ, ನಮ್ಮಪ್ಪ ಮಾಡಿಕೊಟ್ಟ ಭರಣಿ. ಕಸಬರಿಗೆಗೆ ಹಚ್ಚಿದೆ, ಧೂಳಿಗೆ ಹಚ್ಚಿದೆ, ಅವ್ವನ ಹಣೆಗೆ ಹಚ್ಚಿದೆ.

ಅಷ್ಟರಲ್ಲಿ ಚಾದರದ ಸೇಠರು ನಾಲ್ಕು ಜನ ವ್ಯಾಪಾರಿಗಳ ಜೊತೆ ಬಂದರು. ಅವ್ವನ ಕಪ್ಪು ಬೆರಳು ನೋಡಿ ಯಾರೆಂದು ತಿಳಿದು, ಎಲ್ಲರಿಗೂ ಕೇಳುವ ಹಾಗೆ, "ಕಾಯ್ ಅಕ್ಕಾ, ನಿಮ್ಮ ಮಗಳು ಜಪಾನಿನ್ಯಾಗ ಮಂದಿ ಮುಂದ ಕುಂತು ಕಸ ತೊಳದಳಲ್ಲ!" ಎಂದರು. ಜೊತೆಗಿದ್ದವರು ನಗಲು ಬಾಯಿ ತೆರೆದಿದ್ದರು. ಅತ್ತೆ ನೆಲ ನೋಡುತ್ತಿದ್ದರು. ಅವ್ವ ಇನ್ನೇನು ಕೈಯನ್ನು ಸೆರಗಿನೊಳಗೆ ಎಳೆದುಕೊಳ್ಳುತ್ತಾಳೆ ಎಂದು ನನಗೆ ಭಯವಾಯಿತು. ಅವಳು ಎರಡೂ ಕೈಗಳನ್ನು ಮೊಣಕಾಲ ಮೇಲೆ ಬಿಚ್ಚಿಟ್ಟು, ಕೆಲಸ ವಿಚಾರಿಸುವ ದನಿಯಲ್ಲಿ ಕೇಳಿದಳು:

"ಬರೋಬರಿ ತೊಳದಳೇನ್ರಿ?"